ಬಿಡು ಅಂದರೆ ಏನು ಬಿಡಬೇಕು

ಬಿಡಕ್ಕ ಮಂಗಳವಾರ ಬೆಳಗ್ಗೆ ಒಂಬತ್ತೂ ಕಾಲಿಗೆ ತೀರಿಕೊಂಡರು. ಅಣ್ಣನ ಮನೆಯ ಅಡುಗೆಮನೆಯಲ್ಲಿ. ಅರವತ್ತೆರಡು ವಯಸ್ಸು. ಹಾಸಿಗೆ ಹಿಡಿದವರಲ್ಲ, ಆಸ್ಪತ್ರೆ ಮೆಟ್ಟಿಲು ಹತ್ತಿದವರಲ್ಲ. ಹೃದಯ ನಿಂತಿದೆ ಎಂದು ಕೆಳಗಿನ ಮಹಡಿಯ ಡಾಕ್ಟರು ಬಂದು ನೋಡಿ ಹೇಳಿದರು. ಮೂವತ್ತೊಂದು ವರ್ಷ ಅವರು ಕಾರು ಕಲಿಸಿದ ಡ್ರೈವಿಂಗ್ ಸ್ಕೂಲಿಗೆ ಅವತ್ತು ರಜೆ. ಗಾಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. ಅವರ ಹೆಸರು, ವಯಸ್ಸು, ಹುದ್ದೆ ಎಲ್ಲವೂ ಅದರಲ್ಲಿ ಇಂಗ್ಲಿಷಿನಲ್ಲಿದ್ದವು. ಓದಿದವರಲ್ಲಿ ಅರ್ಧ ಜನ, ಯಾರಪ್ಪ ಇದು ಎಂದುಕೊಂಡು ಮುಂದೆ ಹೋದರು. ಆ ಹೆಸರು ಹಿಡಿದು ಅವರನ್ನು ಯಾರೂ ಕರೆದಿರಲಿಲ್ಲ.

ಬಿಡಕ್ಕ ಎಂಬ ಹೆಸರು ಅವರಿಗೆ ಕಾರಿನಲ್ಲಿ ಅಂಟಿದ್ದು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ದಿನಕ್ಕೆ ಏನಿಲ್ಲವೆಂದರೂ ಇನ್ನೂರು ಸಲ ‘ಬಿಡು’ ಅನ್ನುತ್ತಿದ್ದರು. ಕ್ಲಚ್ ಬಿಡು, ರೇಸ್ ಬಿಡು, ಬ್ರೇಕ್ ಬಿಡು, ಗಾಡಿ ಬಿಡು, ಅವನಿಗೆ ದಾರಿ ಬಿಡು, ಭಯ ಬಿಡು. ಗಾಡಿ ಆಫ್ ಆಗಿ ನಡುರಸ್ತೆಯಲ್ಲಿ ನಿಂತು, ಹಿಂದಿನವರೆಲ್ಲ ಒಟ್ಟಿಗೆ ಹಾರ್ನ್ ಹೊಡೆದು, ಕಲಿಯುವವರ ಕಣ್ಣಲ್ಲಿ ನೀರು ಬಂದರೆ, "ಅಯ್ಯೋ ಬಿಡಿ, ಅವರ ಕೈ, ಅವರ ಹಾರ್ನು. ನಮ್ಮದೇನು ಗಂಟು ಹೋಯ್ತು?" ಅನ್ನುತ್ತಿದ್ದರು. ಮೊದಲ ಬ್ಯಾಚಿನ ದರ್ಜಿ ಹೆಂಗಸೊಬ್ಬಳು ಇಟ್ಟ ಹೆಸರು ಅದು. ಮೂರು ವಾರದಲ್ಲಿ ಸ್ಕೂಲಿನ ಯಜಮಾನರೂ ಹಾಗೇ ಕರೆಯತೊಡಗಿದರು.

ಬಿಡಕ್ಕನ ಅಪ್ಪ ಲಾರಿ ಓಡಿಸುತ್ತಿದ್ದವರು. ಮೊದಲು ಮಗನಿಗೆ ಕಲಿಸಲು ಹೋದರು. ಮಗ ಸ್ಟೇರಿಂಗ್ ಹಿಡಿದರೆ ಸಾಕು, ವಾಂತಿ ಮಾಡಿಕೊಳ್ಳುತ್ತಿದ್ದ. ಹಾಗಾಗಿ ಗೋದಾಮಿನ ಹಿಂದಿನ ಬಯಲಿನಲ್ಲಿ, ಎರಡು ದಿಂಬು ಹಾಕಿ ಮಗಳನ್ನು ಕೂರಿಸಿದರು. ಅಪ್ಪನಿಗೆ ಗಾಡಿಯ ಭಾಗಗಳಿಗೆಲ್ಲ ಇಂಗ್ಲಿಷ್ ಹೆಸರೇ ಗೊತ್ತಿದ್ದದ್ದು. ಆದರೆ ಅವುಗಳನ್ನು ಏನು ಮಾಡಬೇಕು ಎಂಬುದೆಲ್ಲ ಕನ್ನಡದಲ್ಲಿತ್ತು. ತುಳಿ, ಒತ್ತು, ಬಿಡು, ಹಾಕು, ಹೊಡಿ, ಕೊಡು. ಏರಿನಲ್ಲಿ ಎಂಜಿನ್ನು ಒದ್ದಾಡಿದರೆ "ಗಾಡಿ ಉಸಿರು ಕಟ್ತಿದೆ, ಗೇರ್ ಇಳಿಸು" ಅನ್ನುತ್ತಿದ್ದರು. ಬಿಡಕ್ಕ ಆ ಮಾತನ್ನು ಕೊನೆಯವರೆಗೂ ಹಾಗೇ ಬಳಸಿದರು.

ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ. ಬಿಡಕ್ಕ ಅಣ್ಣನ ಮನೆಗೆ ಬಂದರು. ಯಾರಾದರೂ ಕೆದಕಿದರೆ "ನಾನೇ ಬಿಟ್ಟೆ" ಅನ್ನುತ್ತಿದ್ದರು. "ಅವನಲ್ವಾ ನಿಮ್ಮನ್ನ ಬಿಟ್ಟಿದ್ದು?" ಎಂದು ಇನ್ನೂ ಕೆದಕಿದವರಿಗೆ, "ಯಾರು ಮೊದಲು ಬಿಟ್ರು ಅಂತ ಪಂಚಾಯ್ತಿ ಯಾಕೆ? ಬಿಟ್ಟಿದ್ದಂತೂ ಆಯ್ತಲ್ಲ" ಎಂದು ನಗುತ್ತಿದ್ದರು. ಅಣ್ಣ, ಅತ್ತಿಗೆ ಅವರನ್ನು ಚೆನ್ನಾಗಿಯೇ ನೋಡಿಕೊಂಡರು. ಅವರೂ ಮನೆಯ ಅರ್ಧ ಕೆಲಸ ಹೆಗಲಿಗೆ ಹಾಕಿಕೊಂಡು, ಬೆಳಗ್ಗೆ ಆರೂವರೆಗೆ ಮೊದಲ ಕ್ಲಾಸಿಗೆ ಹೊರಟುಬಿಡುತ್ತಿದ್ದರು.

ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಬಿಡಕ್ಕನ ಕಾಲು ಸದಾ ಅವುಗಳ ಮೇಲೆ ತೇಲುತ್ತಿತ್ತು, ಒತ್ತುತ್ತಿದ್ದದ್ದು ಅಪರೂಪ. ಅವರು ಗಾಡಿ ನಡೆಸುತ್ತಿದ್ದದ್ದು ಬಾಯಿಂದ. ಕ್ಲಚ್ಚಿನಿಂದ ಕಾಲನ್ನು ಹೇಗೆ ತೆಗೆಯಬೇಕು ಎಂದು ಕೇಳಿದರೆ, "ಮಗು ಮಲಗಿಸಿ ಕೋಣೆಯಿಂದ ಆಚೆ ಬರ್ತೀವಲ್ಲ, ಹಾಗೆ" ಅನ್ನುತ್ತಿದ್ದರು. "ಗೇರ್ ಅದು, ಸೌಟಲ್ಲ, ತಿರುವಬೇಡಿ." "ಕನ್ನಡಿ ನೋಡಿ ಅಂದಿದ್ದು ಹಿಂದಿನ ಗಾಡಿ ನೋಡೋಕೆ. ಕೂದಲು ಆಮೇಲೆ ಸರಿ ಮಾಡ್ಕೊಳ್ಳೋರಂತೆ."

ಸ್ಕೂಲಿನ ಎದುರಿಗೆ ಒಂದು ಗ್ರಂಥಾಲಯವಿತ್ತು. ಅಲ್ಲಿ ಪುಸ್ತಕ ಕೊಡುವ ಕೆಲಸದವಳು ಬಿಡಕ್ಕನ ಗೆಳತಿ. ಇವರ ಕೈಯಲ್ಲೇ ಕಾರು ಕಲಿತು, ಟೆಸ್ಟಿನಲ್ಲಿ ಮೂರು ಸಲ ಬಿದ್ದವಳು. "ನಿನ್ನಂಥ ಶಿಷ್ಯೆ ಇನ್ನೊಬ್ಬಳು ಸಿಕ್ಕಿದ್ರೆ ನಾನು ಸ್ಕೂಲಿಗೆ ಬೀಗ ಹಾಕಿಸ್ತಿದ್ದೆ" ಎಂದು ಎಲ್ಲರೆದುರು ಹೇಳುತ್ತಿದ್ದರು. ಸಂಜೆ ನಾಲ್ಕೂವರೆಗೆ ಕೊನೆಯ ಕ್ಲಾಸು ಮುಗಿಸಿ ಬಂದು, ಗ್ರಂಥಾಲಯದ ಹೊರಗಿನ ಬೆಂಚಿನಲ್ಲಿ ಕೂತು ಚಹಾ ಕುಡಿಯುವುದು ಇಪ್ಪತ್ತು ವರ್ಷದ ರೂಢಿ. ಗೆಳತಿ ಈಗಲೂ ಆ ಹೊತ್ತಿಗೆ ಕಿಟಕಿಯ ಕಡೆ ನೋಡುತ್ತಾಳೆ.

ಆ ಬೆಂಚಿನಲ್ಲೇ ಒಂದು ದಿನ ಬಿಡಕ್ಕ ಹೇಳಿದ್ದರು. "ಈ ಊರಲ್ಲಿ ಯಾರು ಯಾವ ಭಾಷೆಯವರು ಅಂತ ಲೆಕ್ಕ ಹಾಕೋಕೆ ಮನೆಮನೆಗೆ ಯಾಕೆ ಹೋಗ್ತಾರೆ? ನನ್ನ ಪಕ್ಕ ಕೂರಿಸಲಿ. ನಾನು ಒಂದು ಸಲ ಗಕ್ಕಂತ ಬ್ರೇಕ್ ಒತ್ತುತೀನಿ. ಬಾಯಿಂದ ಏನು ಬೀಳುತ್ತೋ ಅದೇ ಅವರ ಭಾಷೆ."

"ನಿಜ ಹೇಳು, ಏನು ಬೀಳುತ್ತೆ?"

"ಮೊದಮೊದಲು ಎಲ್ಲಾರೂ ‘ಅಯ್ಯೋ’, ‘ಅಮ್ಮಾ’. ಒಬ್ಬ ಮೇಷ್ಟ್ರು ‘ಸತ್ತೆ’ ಅಂದ್ರು. ಆಮೇಲೆ ಬೇರೆ ಬೇರೆ ಭಾಷೆಯ ಅಮ್ಮಂದಿರು ಬಂದ್ರು. ಅದಕ್ಕೇನಂತೆ, ಅಮ್ಮನೇ ತಾನೆ. ಈಗ ನಮ್ಮ ರಸ್ತೆಯಲ್ಲೇ ಹುಟ್ಟಿದೋರು, ನಮ್ಮ ಮನೆ ಮಕ್ಕಳೇ, ಇಂಗ್ಲಿಷಲ್ಲಿ ಹೊಲಸು ಮಾತಾಡ್ತಾರೆ. ಪ್ರಾಣ ಹೋಗೋ ಹೊತ್ತಲ್ಲೂ ಅಮ್ಮ ನೆನಪಾಗಲ್ವಲ್ಲ ಕಣೆ."

ನಕ್ಕರು. ಹೇಳುವಾಗ ಅವರ ಕಣ್ಣ ಮುಂದೆ ಇದ್ದದ್ದು ಮಾತ್ರ ಒಬ್ಬಳೇ, ಅಣ್ಣನ ಮಗಳು.

ಅವಳಿಗೆ ಮನೆಯಲ್ಲಿ ಗುಬ್ಬಿ ಎಂದು ಹೆಸರು. ಈಗ ಅಪ್ಪನಿಗಿಂತ ಎತ್ತರ ಬೆಳೆದು, ಆಸ್ಪತ್ರೆಯೊಂದರಲ್ಲಿ ಮುರಿದ ಕೈಕಾಲಿನವರಿಗೆ ವ್ಯಾಯಾಮ ಕಲಿಸುವ ಕೆಲಸಕ್ಕೆ ಸೇರಿದ್ದರೂ ಗುಬ್ಬಿಯೇ. ಅವಳು ಮೂರು ವರ್ಷದವಳಿದ್ದಾಗ ಶಿಶುವಿಹಾರದ ಟೀಚರು, ಮಗು ಹಿಂದೆ ಬೀಳುತ್ತಿದೆ, ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಎಂದು ಹೇಳಿ ಕಳಿಸಿದರು. ಅಣ್ಣ, ಅತ್ತಿಗೆ ಒಂದು ಸಂಜೆ ಕೂತು ತೀರ್ಮಾನ ಮಾಡಿದರು. ಬಿಡಕ್ಕನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ "ಮಗುಗೆ ಒಳ್ಳೇದಾಗೋದಾದ್ರೆ ಹೋಗ್ಲಿ ಬಿಡಿ" ಎಂದೇ ಹೇಳಿರುತ್ತಿದ್ದೆ ಎಂದು ಅವರೇ ಒಪ್ಪಿಕೊಳ್ಳುತ್ತಿದ್ದರು.

ಅಂದಿನಿಂದ ಆ ಮನೆಯಲ್ಲಿ ದೊಡ್ಡವರು ತಮ್ಮ ತಮ್ಮಲ್ಲಿ ಕನ್ನಡ, ಮಗುವಿನೊಂದಿಗೆ ಇಂಗ್ಲಿಷ್. ಬಿಡಕ್ಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅವರು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು. ಊಟ ಆಯ್ತಾ, ಯೆಸ್. ಎಲ್ಲಿಗೆ ಹೊರಟೆ, ಔಟ್. ಇಪ್ಪತ್ತು ವರ್ಷ ಅತ್ತೆ, ಸೊಸೆ ಒಬ್ಬರನ್ನೊಬ್ಬರು ಬಹಳ ಪ್ರೀತಿಸಿದರು. ಆದರೆ ಒಂದು ಕತೆಯನ್ನು ಪೂರ್ತಿ ಹೇಳಿಕೊಳ್ಳಲಿಲ್ಲ. ಅವಳ ಬಾಯಲ್ಲಿ ಉಳಿದದ್ದು ‘ಅತ್ತೆ’ ಎಂಬ ಒಂದೇ ಮಾತು. ಅದನ್ನು ಮಾತ್ರ ಚೆನ್ನಾಗಿ ಅನ್ನುತ್ತಿದ್ದಳು.

ಆಸ್ಪತ್ರೆ ನಗರದ ಇನ್ನೊಂದು ತುದಿಯಲ್ಲಿತ್ತು. ಕಾರು ಕಲಿಯಲೇಬೇಕಾಯಿತು. "ಗುಬ್ಬಿಗೆ ನಾನೇ ಕಲಿಸ್ತೀನಿ" ಎಂದು ಬಿಡಕ್ಕ ಹೇಳಿದಾಗ ಮನೆಯಲ್ಲಿ ಯಾರಿಗೂ ಅದು ದೊಡ್ಡ ಸುದ್ದಿ ಅನ್ನಿಸಲಿಲ್ಲ. ಬೆಂಚಿನಲ್ಲಿ ಮಾತ್ರ ಅವರ ಮುಖ ಬೇರೆಯೇ ಇತ್ತು.

"ಹದಿನೈದು ದಿನ ಕಣೆ. ದಿನಕ್ಕೆ ಒಂದು ಗಂಟೆ. ಅಲ್ಲಿ ಅವಳಪ್ಪ ಇಲ್ಲ, ಅಮ್ಮ ಇಲ್ಲ, ಫೋನ್ ಮುಟ್ಟೋ ಹಾಗಿಲ್ಲ. ನಾನು ಹೇಳಬೇಕು, ಅವಳು ಕೇಳಬೇಕು. ಕೇಳಿ ಕೇಳಿ ಒಂದು ದಿನ ಬಾಯಿ ಬಿಟ್ಟೇ ಬಿಡ್ತಾಳೆ ನೋಡ್ತಿರು."

"ಬಾಯಿ ಬಿಡೋಕೆ ಅವಳೇನು ಕಳ್ಳಿನಾ?"

"ನನ್ನ ಮಾತನ್ನ ಒಳಗೆ ಬಚ್ಚಿಟ್ಕೊಂಡಿದಾಳಲ್ಲ, ಕಳ್ಳಿನೇ."

ಮೊದಲ ಐದು ದಿನ ಚೆನ್ನಾಗಿಯೇ ಹೋಯಿತು. ಹೊಸಬರಿಗೆ ಬಿಡಕ್ಕ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದರು: ಕ್ಲಚ್ ತುಳಿ, ಗೇರ್ ಹಾಕು, ಕ್ಲಚ್ ಬಿಡು. ಕೈ ಪಳಗುತ್ತಿದ್ದ ಹಾಗೆ ಮಾತು ಚಿಕ್ಕದಾಗುತ್ತಿತ್ತು: ತುಳಿ, ಹಾಕು, ಬಿಡು. ಏನನ್ನು ಎಂದು ಹೇಳಬೇಕಾಗಿರಲಿಲ್ಲ. ಅದು ಅವರು ಕೊಡುತ್ತಿದ್ದ ಸರ್ಟಿಫಿಕೇಟು ಇದ್ದ ಹಾಗೆ. ನೀನು ಈಗ ನಮ್ಮವಳು, ಅರ್ಧ ಹೇಳಿದರೆ ಸಾಕು ಎಂದು.

ಆರನೆಯ ದಿನ ಗುಬ್ಬಿಗೆ ಆ ಸರ್ಟಿಫಿಕೇಟು ಸಿಕ್ಕಿತು. ಮನೆಗಳ ನಡುವಿನ ಶಾಂತ ರಸ್ತೆ. ಮುಂದೆ ಒಂದು ತಿರುವು, ತಿರುವಿನಲ್ಲಿ ಯಾರದೋ ಕಾಂಪೌಂಡು. ಗುಬ್ಬಿ ಸ್ವಲ್ಪ ಜೋರಾಗಿಯೇ ಬರುತ್ತಿದ್ದಳು. ರೇಸ್ ಮೇಲಿಂದ ಕಾಲು ತೆಗೆಯಲಿ ಎಂದು ಬಿಡಕ್ಕ "ಬಿಡು" ಎಂದರು. ಅವಳು ಬಿಡಲಿಲ್ಲ. "ಬಿಡು, ಬಿಡು ಗುಬ್ಬಿ!" ಎಂದು ಕೂಗಿದರು.

ಗುಬ್ಬಿ ಬಿಟ್ಟಳು. ಸ್ಟೇರಿಂಗನ್ನು. ಎರಡೂ ಕೈಯನ್ನು, ಬಿಸಿ ಪಾತ್ರೆ ಮುಟ್ಟಿದವಳ ಹಾಗೆ, ಮೇಲೆತ್ತಿಬಿಟ್ಟಳು.

ಮೂವತ್ತೊಂದು ವರ್ಷದಲ್ಲಿ ಹಾಗೆ ಮಾಡಿದವರನ್ನು ಬಿಡಕ್ಕ ಕಂಡಿರಲಿಲ್ಲ. ಗಾಳಿಯಲ್ಲಿದ್ದ ಆ ಎರಡು ಕೈಗಳನ್ನು ನೋಡುತ್ತಾ ಕಣ್ಣು ಮಿಟುಕಿಸುವಷ್ಟು ಹೊತ್ತು ಅವರ ಕಾಲು ಬ್ರೇಕ್ ಒತ್ತುವುದನ್ನೇ ಮರೆಯಿತು. ಕಾರು ನೆಟ್ಟಗೆ ಹೋಗಿ ಗೇಟಿನ ಕಂಬಕ್ಕೆ ಗುದ್ದಿತು. ಎರಡು ಹೂವಿನ ಕುಂಡ, ಒಂದು ದೀಪ, ಗುಬ್ಬಿಯ ಹುಬ್ಬಿನ ಮೇಲೆ ಮೂರು ಹೊಲಿಗೆ. ಮನೆಯೊಳಗಿಂದ ಓಡಿಬಂದ ಹೆಂಗಸು ನೀರು ಕೊಟ್ಟಳು. ಗುಬ್ಬಿ ಅಳುತ್ತಾ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳುತ್ತಿದ್ದಳು: ಬಿಡು ಅಂತ ನೀನೇ ಹೇಳಿದೆಯಲ್ಲ, ನೀನೇ ಹೇಳಿದೆಯಲ್ಲ.

ಯಾಕೆ ಹೀಗಾಯಿತು ಎಂದು ಬಿಡಕ್ಕನಿಗೆ ತಿಳಿಯಲು ಎರಡು ದಿನ ಬೇಕಾಯಿತು. ಮೂರು ವರ್ಷದ ಮಗುವಿಗೆ ಮನೆಯಲ್ಲಿ ಎಲ್ಲರೂ ಹೇಳುವ ಬಿಡು ಒಂದೇ ಒಂದು. ಕತ್ತರಿ ಬಿಡು. ಅಪ್ಪನ ಕನ್ನಡಕ ಬಿಡು. ಬಿಸಿ ಇದೆ, ಬಿಡು. ಅಂದರೆ ಕೈ ತೆಗಿ. ಗುಬ್ಬಿಯ ಕನ್ನಡ ಅಲ್ಲಿಗೆ ನಿಂತಿತ್ತು. ಬೇರೆ ಊರಿನಿಂದ ಬಂದ ನರ್ಸುಗಳು, ಹೋಟೆಲಿನ ಅಡುಗೆಯವರು, ಕನ್ನಡ ಒಂದಕ್ಷರ ಬಾರದವರು ನೂರಾರು ಜನ ಬಿಡಕ್ಕನ ಹತ್ತಿರ ಕಲಿತು ಹೋಗಿದ್ದರು. ಅವರು ಮಾತು ತಿಳಿಯದೆ ಬಿಡಕ್ಕನ ಕೈಸನ್ನೆ ನೋಡುತ್ತಿದ್ದರು. ಪೂರ್ತಿ ಬಾರದವರಿಗೂ ಪೂರ್ತಿ ಬಲ್ಲವರಿಗೂ ತೊಂದರೆಯಿರಲಿಲ್ಲ. ಅರ್ಧ ಬಲ್ಲವಳು ಮಾತ್ರ, ಬಹಳ ವಿಧೇಯಳಾಗಿ, ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದಳು.

ಯಜಮಾನರು ತೀರಿಕೊಂಡ ಮೇಲೆ ಸ್ಕೂಲು ನೋಡಿಕೊಳ್ಳುತ್ತಿದ್ದವಳು ಅವರ ಮಗಳು. ಕೆಟ್ಟವಳಲ್ಲ. ಬಿಡಕ್ಕನನ್ನು ಒಳಗೆ ಕರೆದು, ಕುರ್ಚಿ ಎಳೆದು ಕೂರಿಸಿ ಮಾತಾಡಿದಳು.

"ಆಂಟಿ, ಈಗ ಹತ್ತು ಜನ ಬಂದ್ರೆ ಎಂಟು ಜನಕ್ಕೆ ಕನ್ನಡ ಬರಲ್ಲ. ಬರೋ ಇಬ್ಬರಿಗೂ ಸರಿಯಾಗಿ ಬರಲ್ಲ. ನಿಮಗೇ ಗೊತ್ತಾಯ್ತಲ್ಲ."

"ಗೊತ್ತಾಯ್ತಮ್ಮ."

"ಈ ಹಾಳೇಲಿ ಇರೋದು ಇಪ್ಪತ್ತು ಇಂಗ್ಲಿಷ್ ವರ್ಡ್ಸ್ ಅಷ್ಟೇ. ಎಲ್ಲಾ ಇನ್‌ಸ್ಟ್ರಕ್ಟರ್‌ಗಳಿಗೂ ಕೊಟ್ಟಿದೀನಿ. ಒಂದನೇ ತಾರೀಖಿಂದ ಇದೇ. ಕಷ್ಟ ಆಗುತ್ತೆ ಅಂದ್ರೆ ಹೇಳಿ, ಇಲ್ಲಿ ಫಾರಂ ತುಂಬೋ ಕೆಲಸ ಇದೆ, ನೆರಳಲ್ಲಿ ಕೂತ್ಕೋಬಹುದು."

"ನೆರಳಲ್ಲಿ ಕೂರೋಕೆ ಇನ್ನೂ ಟೈಮಿದೆ, ಕೊಡು" ಎಂದು ಬಿಡಕ್ಕ ಹಾಳೆ ಈಸಿಕೊಂಡರು.

ಆ ಹಾಳೆಯನ್ನು ಗೆಳತಿ ಬೆಂಚಿನ ಮೇಲೆ ಬಿಡಿಸಿ ಓದಿದಳು. ಪ್ರೆಸ್, ರಿಲೀಸ್, ಟರ್ನ್, ಸ್ಟಾಪ್. ಓದಿ ಮಡಿಸಿಟ್ಟು ಹೇಳಿದಳು. "ಕ್ಲಚ್ಚು, ಬ್ರೇಕು, ಗೇರು ಮೊದಲೇ ಅವರದ್ದಾಗಿತ್ತು. ಕ್ರಿಯಾಪದ ಮಾತ್ರ ನಮ್ಮದಿತ್ತು. ಈಗ ಅದನ್ನೂ ತಗೊಂಡ್ರು."

"ವ್ಯಾಕರಣ ನಿನಗಿರಲಿ. ಈ ರಿಲೀಸು ಅಂತ ಹೇಳೋವಾಗ ನಂಗೆ ನಗು ಬರುತ್ತೆ, ಅದಕ್ಕೇನು ಮಾಡ್ಲಿ ಹೇಳು."

ಆ ನಗು ಬಹಳ ದಿನ ಉಳಿಯಲಿಲ್ಲ. ಹಾಳೆಯನ್ನು ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸಿ, ಅದರ ಪ್ರಕಾರವೇ ಕಲಿಸಿದರು. ಕಲಿಯುವವರು ಮೊದಲಿನಷ್ಟೇ ಪಾಸಾದರು. ಅದು ಬಿಡಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. ಸೌಟು, ಮಗು ಮಲಗಿದ ಕೋಣೆ, ಉಸಿರು ಕಟ್ಟಿದ ಗಾಡಿ ಯಾವುದೂ ಯಾರಿಗೂ ಬೇಕಾಗಿರಲಿಲ್ಲ ಎಂದು ಹೇಳಿದ ಹಾಗಾಯಿತು. ಇಂಗ್ಲಿಷಿನಲ್ಲಿ ಅವರಿಗೆ ಕೋಪ ಬರುತ್ತಿರಲಿಲ್ಲ, ತಮಾಷೆಯೂ ಬರುತ್ತಿರಲಿಲ್ಲ. ‘ಪ್ಲೀಸ್’ ಬರುತ್ತಿತ್ತು. ಒಂದು ಗಂಟೆಯ ಕ್ಲಾಸಿನಲ್ಲಿ ಐವತ್ತು ನಿಮಿಷ ಗಾಡಿಯ ಸದ್ದು ಮಾತ್ರ. "ನಂಗೆ ನಾನೇ ಬೇರೆ ಯಾರೋ ಅನ್ನಿಸ್ತೀನಿ ಕಣೆ. ಯಾರೋ ಮರ್ಯಾದಸ್ಥ ಹೆಂಗಸು" ಎಂದರು ಒಂದು ಸಂಜೆ.

ಗುಬ್ಬಿ ಬೇರೆ ಸ್ಕೂಲಿನಲ್ಲಿ ಹನ್ನೆರಡು ದಿನ ಕಲಿತು ಲೈಸೆನ್ಸ್ ತೆಗೆದುಕೊಂಡಳು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯ ಹಳೇ ಕಾರಿನಲ್ಲಿ ಓಡಾಡತೊಡಗಿದಳು. ಅತ್ತೆಯನ್ನು ಕೂರಿಸಿಕೊಳ್ಳಲಿಲ್ಲ. ಜಗಳವೇನಿಲ್ಲ. ಊಟ ಆಯ್ತಾ, ಯೆಸ್. ಆದರೆ ಮೊದಲು ಅತ್ತೆ ಕನ್ನಡದಲ್ಲಿ ಏನಾದರೂ ಕೇಳಿದರೆ ಥಟ್ಟನೆ ಉತ್ತರ ಕೊಡುತ್ತಿದ್ದವಳು, ಈಗ ಒಂದು ಗಳಿಗೆ ತಡೆದು, ತಾನು ಅಂದುಕೊಂಡ ಅರ್ಥವೇ ಹೌದೋ ಅಲ್ಲವೋ ಎಂದು ಮುಖ ನೋಡುತ್ತಿದ್ದಳು. ಆ ತಡೆಯುವಿಕೆಯನ್ನು ಬಿಡಕ್ಕನಿಗೆ ಸಹಿಸಲಾಗುತ್ತಿರಲಿಲ್ಲ.

"ಇನ್ನು ಅವಳು ನನ್ನ ಮಾತು ನಂಬಲ್ಲ" ಎಂದರು ಗೆಳತಿಗೆ. "ಕಾರು ಹೋಗ್ಲಿ, ರಿಪೇರಿ ಆಯ್ತು. ಹುಬ್ಬಿಂದೂ ವಾಸಿ ಆಯ್ತು. ನನ್ನ ಬಾಯಿಂದ ಬಂದ ಮಾತು ಅಂದ್ರೆ ಅವಳಿಗೆ ಈಗ ಭಯ."

ಗೆಳತಿ ಸಮಾಧಾನ ಹೇಳಲು ಹೋಗಲಿಲ್ಲ. ಕೈಯಲ್ಲಿದ್ದ ಹಳೇ ರಶೀದಿ ಪುಸ್ತಕದ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತಾ, "ತಪ್ಪು ನಿಂದಲ್ಲ, ಈ ಪದದ್ದು. ಎಷ್ಟು ಬಿಡು ಇದೆ ಹೇಳು ನೋಡೋಣ" ಎಂದಳು.

"ಕ್ಲಚ್ ಬಿಡೋದು, ಗಾಡಿ ಬಿಡೋದು."

"ಒಂದರಲ್ಲಿ ಕಾಲು ತೆಗೀಬೇಕು, ಇನ್ನೊಂದರಲ್ಲಿ ಓಡಿಸಬೇಕು. ಒಂದಕ್ಕೊಂದು ಉಲ್ಟಾ. ಮುಂದೆ?"

"ಮಗೂನ ಸ್ಕೂಲಿಗೆ ಬಿಡೋದು. ಸಂಜೆ ಸ್ಕೂಲು ಬಿಡೋದು."

"ಹೂವು ಬಿಡೋದು. ಮಳೆ ಬಿಡೋದು. ಗಿಡದಲ್ಲಿ ಬಿಟ್ರೆ ಬಂತು ಅಂತ, ಮಳೆ ಬಿಟ್ರೆ ಹೋಯ್ತು ಅಂತ."

"ಗಡ್ಡ ಬಿಡೋದು. ಗಂಡ ಬಿಡೋದು."

"ಅದರಲ್ಲಿ ನೀನು ಎಕ್ಸ್‌ಪರ್ಟು. ರೈಲು ಬಿಡೋದು."

"ನೀನು ಟೆಸ್ಟಲ್ಲಿ ಒಂದೇ ಸಲಕ್ಕೆ ಪಾಸಾದೆ ಅಂತ ಎಲ್ಲಾರ ಹತ್ರ ಬಿಡ್ತೀಯಲ್ಲ, ಅದು. ಮಾತು ಬಿಡೋದು, ಅಂದ್ರೆ ಠೂ. ಉಸಿರು ಬಿಡೋದು."

"ಪ್ರಾಣ ಬಿಡೋದು."

"ಅದೊಂದು ಉಳ್ಕೊಂಡಿತ್ತು, ಬರ್ಕೋ."

ಇನ್ನಷ್ಟು ಸೇರಿ ಇಪ್ಪತ್ತಾರು ಆಯಿತು. ಬಿಡಕ್ಕ ಬಹಳ ಹೊತ್ತು ನಕ್ಕು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇಷ್ಟರಲ್ಲಿ ಒಂದನ್ನಾದ್ರೂ ನಾನು ಆ ಹುಡುಗಿಗೆ ಹೇಳಿಕೊಡ್ಲಿಲ್ಲ ನೋಡು. ಕ್ಲಚ್ಚು ಹೇಳಿಕೊಟ್ಟೆ, ಅದು ಯಾರಿಗೂ ಮೊದಲೇ ಬಂದಿರಲ್ಲ ಅಂತ ನಂಗೆ ಗೊತ್ತು. ಮಾತು ಮಾತ್ರ ಮನೇಲಿ ಹುಟ್ಟಿದೋಳಿಗೆ ತಾನಾಗೇ ಬಂದಿರುತ್ತೆ ಅಂದ್ಕೊಂಡೆ. ಅದು ತಾನಾಗೇ ಬರೋದಲ್ಲ ಕಣೆ. ಯಾರಾದ್ರೂ ಪಕ್ಕದಲ್ಲಿ ಕೂರಬೇಕು."

ಅದಾದ ಮೇಲೆ ಮನೆಯಲ್ಲಿ ಅವರು ಹೊಸ ಪ್ರಯತ್ನವನ್ನೇನೂ ಮಾಡಲಿಲ್ಲ. ಗುಬ್ಬಿಯ ಹಿಂದೆ ಬಿದ್ದು ಕಲಿಸಲಿಲ್ಲ. ಆದರೆ ಮಾತಿನಲ್ಲಿ ನುಂಗುತ್ತಿದ್ದ ಪದಗಳನ್ನು ವಾಪಸ್ ಹಾಕತೊಡಗಿದರು.‌ "ಹಾಕ್ಲಾ?" ಎಂದು ಕೇಳುತ್ತಿದ್ದವರು "ತಟ್ಟೆಗೆ ಇನ್ನೂ ಸ್ವಲ್ಪ ಅನ್ನ ಹಾಕ್ಲಾ?" ಎಂದು ಕೇಳಿದರು. "ತೆಗಿ" ಎನ್ನುತ್ತಿದ್ದವರು "ಆ ಕಿಟಕಿ ಬಾಗಿಲು ತೆಗಿ" ಎಂದರು. ಅತ್ತಿಗೆ "ಇದೇನು ರೇಡಿಯೋದಲ್ಲಿ ಮಾತಾಡಿದ ಹಾಗೆ ಮಾತಾಡ್ತೀಯ?" ಎಂದು ಅಣಕಿಸಿದರು. ಒಂದು ದಿನ ಗುಬ್ಬಿ ಎದ್ದು ಹೋಗಿ, ಹೇಳಿದ ಕಿಟಕಿಯನ್ನೇ ತೆಗೆದು, "ಇದಾ?" ಎಂದಳು. ಬಿಡಕ್ಕ ಅದನ್ನು ಮಾರನೆಯ ದಿನ ಬೆಂಚಿನಲ್ಲಿ ಎರಡು ಸಲ ಹೇಳಿದರು.

ಹೀಗೆ ನಾಲ್ಕು ತಿಂಗಳು ಕಳೆದವು.

ಆ ಮಂಗಳವಾರ ಗುಬ್ಬಿ ಮೊದಲ ಸಲ ಅಪ್ಪನಿಲ್ಲದೆ ಒಬ್ಬಳೇ ಕಾರು ತೆಗೆದುಕೊಂಡು ಆಸ್ಪತ್ರೆಗೆ ಹೋದಳು. ಬಿಡಕ್ಕನಿಗೆ ಅವತ್ತು ಮೊದಲ ಕ್ಲಾಸು ಹತ್ತಕ್ಕೆ. ಅಡುಗೆಮನೆಯಲ್ಲಿ ಅತ್ತಿಗೆ ಪಾತ್ರೆ ತೊಳೆದು ಕೊಡುತ್ತಿದ್ದರು, ಇವರು ಒರೆಸಿ ಇಡುತ್ತಿದ್ದರು. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಬಿಡಕ್ಕನ ಫೋನು ಬಡಿದುಕೊಂಡಿತು. ಕೈಯಲ್ಲಿ ತಟ್ಟೆಯಿತ್ತು. ಫೋನನ್ನು ಶೆಲ್ಫಿನ ಮೇಲಿಟ್ಟು ಸ್ಪೀಕರ್ ಒತ್ತಿದರು. ಹಾಗಾಗಿ ಮುಂದಿನದನ್ನೆಲ್ಲ ಅತ್ತಿಗೆಯೂ ಕೇಳಿಸಿಕೊಂಡರು.

"ಅತ್ತೆ!" ಎಂದಳು ಗುಬ್ಬಿ. ಆಮೇಲೆ ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಏನೇನೋ. ಆಸ್ಪತ್ರೆಯ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ತಪ್ಪು ಕಡೆ ನುಗ್ಗಿ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ, ಹಿಂದೆ ಸಾಲು ಗಾಡಿ, ಅಪ್ಪ ಫೋನ್ ತೆಗೆಯುತ್ತಿಲ್ಲ ಎಂಬಷ್ಟು ತಿಳಿಯಿತು. ಹಿಂದಿನಿಂದ ಹಾರ್ನುಗಳು.

ಬಿಡಕ್ಕ ಹಾಳೆಯ ಪ್ರಕಾರವೇ ಶುರುಮಾಡಿದರು. "ಸ್ಟಾಪ್. ಪ್ರೆಸ್ ಕ್ಲಚ್. ಪ್ರೆಸ್ ಬ್ರೇಕ್." ಅಲ್ಲಿಂದ ಮುಂದೆ ಆ ಹಾಳೆಯಲ್ಲಿ ಏನೂ ಇರಲಿಲ್ಲ. ಗುಬ್ಬಿ ಮತ್ತೆ ಇಂಗ್ಲಿಷಿನಲ್ಲಿ ಗಳಗಳ ಹೇಳಿದಳು.

"ಗುಬ್ಬಿ, ಇಲ್ಲಿ ಕೇಳು. ನಂಗೆ ಇಲ್ಲಿಂದ ಏನೂ ಕಾಣಲ್ಲ ಕಣೆ. ನೀನು ಹೇಳೋದು ನಂಗೆ ಅರ್ಥ ಆದ್ರೆ ತಾನೆ ನಾನು ಹೇಳೋದು? ಮೆಲ್ಲಗೆ ಹೇಳು. ಹಿಂದೆ ಏನಿದೆ?"

ಸ್ವಲ್ಪ ಹೊತ್ತು ಆ ಕಡೆಯಿಂದ ಹಾರ್ನ್ ಮಾತ್ರ ಕೇಳಿಸಿತು.

"ಹಿಂದೆ... ಕಂಬ ಇದಾನೆ."

"ಎಷ್ಟು ದೂರ?"

"ನಾನು ಮಲಗಿದ್ರೆ... ಅಷ್ಟು."

"ಬೇಕಾದಷ್ಟಾಯ್ತು. ಬಲಗಡೆ?"

"ಬಿಳಿ ಕಾರು. ದಪ್ಪ. ತುಂಬಾ ಹತ್ರ ಕೂತಿದಾನೆ."

"ಕೂತಿರ್ಲಿ ಪಾಪ, ಅವನನ್ನ ಏಳಿಸೋದು ಬೇಡ. ಎಡಗಡೆ?"

"ಎಡ ಅಂದ್ರೆ ವಾಚ್ ಕೈ ಅಲ್ವಾ?"

"ಹೂಂ, ವಾಚ್ ಕೈ."

"ಯಾರೂ ಇಲ್ಲ. ಖಾಲಿ."

"ಹಾಗಾದ್ರೆ ನಮ್ಮ ದಾರಿ ಅದೇ. ಸ್ಟೇರಿಂಗನ್ನ ವಾಚ್ ಕೈ ಕಡೆ ಪೂರ್ತಿ ತಿರುಗಿಸು. ಹಿಂದಕ್ಕೆ ಹೋಗೋ ಗೇರ್ ಹಾಕು. ಹಾಕಿದೆಯಾ? ಬಿಡು ಈಗ, ಮೆಲ್ಲಗೆ ಬಿಡು."

"ಏನು ಬಿಡ್ಲಿ ಅತ್ತೆ?"

ಅತ್ತಿಗೆ ನಲ್ಲಿ ನಿಲ್ಲಿಸಿ ತಿರುಗಿ ನೋಡಿದರು.

"ಬ್ರೇಕು" ಎಂದರು ಬಿಡಕ್ಕ. "ಮೊದಲು ಬ್ರೇಕ್ ಬಿಡು. ಆಮೇಲೆ ಕ್ಲಚ್ಚು, ಅರ್ಧ. ಸ್ಟೇರಿಂಗ್ ಒಂದು ಬಿಡಬೇಡ, ನಿನ್ನ ಕಾಲಿಗೆ ಬೀಳ್ತೀನಿ."

"ಗೊತ್ತು ಅತ್ತೆ!"

"ಬಾ. ಬಾ. ಬಾ ಬಾ ಬಾ."

"ಕಂಬ ಬರ್ತಾ ಇದಾನೆ."

"ಅವನು ಎಲ್ಲಿ ಬರ್ತಾನೆ, ನೀನೇ ಹೋಗ್ತಿರೋದು. ನಿಲ್ಲು. ಈಗ ಇನ್ನೊಂದು ಕೈ ಕಡೆ ತಿರುಗಿಸಿ ಸ್ವಲ್ಪ ಮುಂದೆ ಹೋಗು."

"ಹಿಂದಿನವರು ಬೈತಾ ಇದಾರೆ ಅತ್ತೆ."

"ಯಾವ ಭಾಷೇಲಿ?"

"ಗೊತ್ತಿಲ್ಲ. ಯಾವುದೋ."

"ಅರ್ಥ ಆಗದೇ ಇರೋ ಬೈಗುಳ ಮೈಗೆ ಅಂಟಲ್ಲ, ಬಿಟ್ಟಾಕು. ನೀನು ಕನ್ನಡಿ ನೋಡು. ಏನು ಕಾಣುತ್ತೆ, ಹೇಳು."

ಗುಬ್ಬಿ ಹೇಳುತ್ತಾ ಹೋದಳು. ಹಳದಿ ಗೆರೆ, ನೀರಿನ ಪೈಪು, ಕೈ ಬೀಸುತ್ತಿರುವ ಕಾವಲುಗಾರ. ಪದ ಸಿಗದ ಕಡೆ ಬಣ್ಣ ಹೇಳಿದಳು, ಆಕಾರ ಹೇಳಿದಳು. ಪೈಪನ್ನು ‘ಉದ್ದ ಹಾವು’ ಅಂದಳು. ಕಂಬ, ಕಾರು, ಗೋಡೆ ಎಲ್ಲವೂ ಅವಳ ಬಾಯಲ್ಲಿ ಗಂಡಸರಾಗಿ ಬಂದು ಕೂತರು, ನಿಂತರು. ಯಾರ ಮಾತನ್ನೂ ತಿದ್ದದೆ ಬಿಡದ ಬಿಡಕ್ಕ ಒಂದನ್ನೂ ತಿದ್ದಲಿಲ್ಲ. ನಾಲ್ಕು ಸಲ ಹಿಂದೆ ಮುಂದೆ ಮಾಡಿ ಗಾಡಿ ಮೂಲೆಯಿಂದ ಆಚೆ ಬಂತು. ಎರಡು ಸಾಲು ಆಚೆ ಒಂದು ಖಾಲಿ ಜಾಗ ಸಿಕ್ಕಿತು. ಎಂಜಿನ್ ಆಫ್ ಆದ ಸದ್ದು ಅಡುಗೆಮನೆಗೆ ಕೇಳಿಸಿತು.

"ನಿಂತಿತು ಅತ್ತೆ" ಎಂದಳು ಗುಬ್ಬಿ. ಅವಳ ಉಸಿರು ಇನ್ನೂ ಏರಿಳಿಯುತ್ತಿತ್ತು. "ಸಂಜೆ ಬಂದು ಹೇಳ್ತೀನಿ. ಎಲ್ಲಾ ಹೇಳ್ತೀನಿ ನಿಂಗೆ."

"ಹೂಂ, ಹೇಳುವಂತೆ. ಈಗ ಓಡು, ನಿನ್ನ ಕೈಮುರಿದೋರು ಕಾಯ್ತಿರ್ತಾರೆ."

ಫೋನು ಕಟ್ಟಾಯಿತು. ಬಿಡಕ್ಕ ಹಾಗೇ ನಿಂತಿದ್ದರು. ಯಾವಾಗಲೋ ಒರೆಸಿ ಮುಗಿಸಿದ್ದ ತಟ್ಟೆ ಇನ್ನೂ ಅವರ ಕೈಯಲ್ಲಿತ್ತು. ಅದರ ಎರಡು ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು, ಎಡಕ್ಕೆ ಕಾಲುಭಾಗ ತಿರುಗಿಸಿ.

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. "ಗಾಡಿ ನಿಂತಾಯ್ತಲ್ಲ ತಾಯಿ, ಇನ್ನಾದ್ರೂ ತಟ್ಟೆ ಇಡು."

ಬಿಡಕ್ಕ ಕೈಯ ಕಡೆ ನೋಡಿಕೊಂಡರು. "ಚಕ್ರ ಸೊಟ್ಟ ಇಟ್ಟು ಇಳಿದು ಹೋಗಿರ್ತಾಳೆ ನೋಡಿ ಅತ್ತಿಗೆ" ಎಂದರು. ತಟ್ಟೆಯನ್ನು ಬಲಕ್ಕೆ ತಿರುಗಿಸಿ ನೇರ ಮಾಡಿ, ಸ್ಟ್ಯಾಂಡಿನಲ್ಲಿ ಇಟ್ಟರು.